ಹೆಪ್ಪುಗಟ್ಟಿದ ಕೆರೆ ಎಂದರೆ ಸಾಲದು, ಎಷ್ಟು ಇಂಚು ಎಂದು ಬರೆಯಿರಿ

ಮಾನ್ಯ ಸಂಪಾದಕರಿಗೆ,

ಡಿಸೆಂಬರ್ ಬಂತೆಂದರೆ ಕನ್ನಡ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಹಿಮದ ಚಿತ್ರಗಳು ಶುರುವಾಗುತ್ತವೆ. ಹೆಪ್ಪುಗಟ್ಟಿದ ಸರೋವರದ ನಡುವೆ ಕೈ ಚಾಚಿ ನಿಂತ ಜೋಡಿ, ಕೆಳಗೆ ಒಂದು ಸಾಲಿನ ವರ್ಣನೆ. ಆ ಸಾಲಿನಲ್ಲಿ ಐಸ್ ಎಷ್ಟು ದಪ್ಪ ಇತ್ತು ಎಂಬುದು ಇರುವುದಿಲ್ಲ. ಐಸ್ ಒಡೆದು ಯಾರಾದರೂ ಸತ್ತರೆ ಆ ಸುದ್ದಿಯಲ್ಲೂ ಇರುವುದಿಲ್ಲ. 2022ರ ಡಿಸೆಂಬರ್ 26ರಂದು ಅಮೆರಿಕದ ಅರಿಜೋನಾದ ವುಡ್ಸ್ ಕ್ಯಾನಿಯನ್ ಕೆರೆಯಲ್ಲಿ ಐಸ್ ಕುಸಿದು ಭಾರತ ಮೂಲದ ಮೂವರು ತೀರಿಕೊಂಡರು. ನಾವು ಓದಿದ ಭಾರತೀಯ ಭಾಷೆಗಳ ವರದಿಗಳಲ್ಲಿ ಕುಟುಂಬದ ವಿವರ, ಊರಿನ ವಿವರ, ಉದ್ಯೋಗದ ವಿವರ ಎಲ್ಲವೂ ಇದ್ದವು. ಇನ್ನೊಬ್ಬರು ಹಾಗೆ ಸಾಯದಂತೆ ತಡೆಯಬಲ್ಲ ಮಾತು ಮಾತ್ರ ಇರಲಿಲ್ಲ.

ನಾವು ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ನೆಲೆಸಿರುವ ಕೆಲವು ಕನ್ನಡಿಗರು. ಐಸ್ ಮೇಲೆ ಗಾಳ ಹಾಕುವವರು, ಸ್ನೋಮೊಬೈಲ್ (ಮುಂದೆ ಸ್ಕೀ, ಹಿಂದೆ ಸುತ್ತುವ ಪಟ್ಟಿ ಇರುವ ಹಿಮದ ಬೈಕು) ಓಡಿಸುವವರು, ಅದರ ಸುರಕ್ಷತಾ ತರಗತಿಗಳಲ್ಲಿ ಪಾಠ ಹೇಳುವವರು ನಮ್ಮಲ್ಲಿದ್ದಾರೆ. ಇಲ್ಲಿನ ಕೆರೆ, ಕಾಡು, ಹಿಮದ ಹಾದಿಗಳನ್ನು ಚಳಿಗಾಲದಲ್ಲಿ ಕಾಯುವವರ ಕೆಲಸ ಏನು, ಏನಲ್ಲ ಎಂಬುದು ನಿಮ್ಮ ಓದುಗರಿಗೆ ತಿಳಿದರೆ ಉಪಯೋಗವಾದೀತು. ಪ್ರತಿ ವರ್ಷ ಕರ್ನಾಟಕದಿಂದ ಓದಲು, ದುಡಿಯಲು, ಮಕ್ಕಳ ಮನೆಗೆ ಬಂದಿರಲು ಈ ಚಳಿ ರಾಜ್ಯಗಳಿಗೆ ಬರುವವರು ಕಡಿಮೆಯೇನಲ್ಲ.

ಕೆರೆ ಕಾಡು ಕಾಯುವ ಇವರನ್ನು ಇಲ್ಲಿ ಕನ್ಸರ್ವೇಶನ್ ಆಫೀಸರ್ ಎನ್ನುತ್ತಾರೆ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ನೌಕರರು. ಕ್ಯಾಂಪ್ ರಿಪ್ಲಿ ಎಂಬಲ್ಲಿ ತರಬೇತಿ. ನಮ್ಮ ಕಡೆಯ ಅರಣ್ಯ ರಕ್ಷಕರ ಕೆಲಸ ಮತ್ತು ಪೊಲೀಸ್ ಅಧಿಕಾರ ಎರಡೂ ಒಬ್ಬರಲ್ಲೇ. ಬಂದೂಕು ಇರುತ್ತದೆ, ಬಂಧಿಸುವ ಹಕ್ಕೂ ಇರುತ್ತದೆ. ರಾಜ್ಯದಾದ್ಯಂತ ಸುಮಾರು 155 ಠಾಣೆಗಳು. ಒಬ್ಬೊಬ್ಬರ ಪಾಲಿಗೆ ಸುಮಾರು 650 ಚದರ ಮೈಲಿ, ಅಂದರೆ ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟು ಜಾಗ. 10 ಎಕರೆಗಿಂತ ದೊಡ್ಡ ಕೆರೆಗಳೇ ಈ ರಾಜ್ಯದಲ್ಲಿ 11,842 ಇವೆ. ಆದ್ದರಿಂದ ನೀವು ನಿಂತ ಕೆರೆಯ ದಡದಲ್ಲಿ ಅಧಿಕಾರಿ ಇರುತ್ತಾರೆ ಎಂಬ ಭರವಸೆ ಬೇಡ. ಇದ್ದರೂ ಅವರು ಐಸ್ ಅಳೆದು ‘ಹೋಗಬಹುದು’ ಎಂದು ಚೀಟಿ ಕೊಡುವವರಲ್ಲ. ಇಲಾಖೆ ಯಾವ ಕೆರೆಯನ್ನೂ ಸುರಕ್ಷಿತ ಎಂದು ಘೋಷಿಸುವುದಿಲ್ಲ. ಪಕ್ಕದಲ್ಲಿ ನಾಲ್ಕು ಗಾಡಿ ನಿಂತಿವೆ ಎಂದು ನೋಡಿ ಇಳಿಯುವವರು ಆ ನಾಲ್ವರೂ ಐದನೆಯವನನ್ನು ನೋಡಿ ಇಳಿದಿರಬಹುದು ಎಂದು ಯೋಚಿಸುವುದಿಲ್ಲ. ಅಳೆಯಬೇಕಾದವರು ಕಾಲಿಡುವವರೇ.

ಅಳತೆಯ ಲೆಕ್ಕ ಇಲ್ಲಿ ಶಾಲೆ ಮಕ್ಕಳಿಗೂ ಗೊತ್ತು. ಹೊಸದಾಗಿ ಕಟ್ಟಿದ, ಸ್ವಚ್ಛವಾದ, ಕಪ್ಪಗೆ ಕಾಣುವ ಐಸ್ 4 ಇಂಚಿಗಿಂತ ಕಡಿಮೆ ಇದ್ದರೆ ಕಾಲಿಡಬಾರದು. 4 ಇಂಚು (10 ಸೆಂಟಿಮೀಟರ್) ಇದ್ದರೆ ನಡೆದು ಹೋಗಬಹುದು. ಸ್ನೋಮೊಬೈಲಿಗೆ 5ರಿಂದ 7, ಸಣ್ಣ ಕಾರಿಗೆ 9ರಿಂದ 10, ಮಧ್ಯಮ ಗಾತ್ರದ ಎಸ್‌ಯುವಿಗೆ 11ರಿಂದ 12, ಪಿಕಪ್ ಟ್ರಕ್ಕಿಗೆ 13. ಭಾರಿ ಟ್ರಕ್ಕಿನ ಹಿಂದೆ ಗಾಲಿಮನೆ (ಗಾಲಿಗಳ ಮೇಲಿನ ಮೀನುಗಾರರ ಮನೆ) ಕಟ್ಟಿ ಎಳೆದೊಯ್ಯುವವರಿಗೆ 20 ಇಂಚಿನ ಮೇಲೆ. ಬಿಳಿ ಐಸ್, ಅಂದರೆ ಹಿಮ ನೆನೆದು ಮತ್ತೆ ಗಟ್ಟಿಯಾದದ್ದು, ಇದರ ಅರ್ಧದಷ್ಟು ಮಾತ್ರ ಗಟ್ಟಿ ಇರಬಹುದು. ಅಲ್ಲಿ ಈ ಅಂಕಿಗಳನ್ನೆಲ್ಲ ಎರಡರಿಂದ ಗುಣಿಸಬೇಕು. ಚಿತ್ರಗಳಲ್ಲಿ ಚೆನ್ನಾಗಿ ಕಾಣುವುದು ಈ ಬಿಳಿಯದೇ.

ಅಳೆಯಲು ಬೇಕಾದ ಸಾಮಾನು ದುಬಾರಿಯಲ್ಲ. ಒಂದು, ತುದಿಗೆ ಉಳಿಯಂಥ ಬಾಯಿ ಇರುವ ಉದ್ದನೆಯ ಹಾರೆ. ನಡೆಯುವಾಗ ಕಾಲಿಡುವ ಮುನ್ನ ಎದುರಿಗೆ ಜೋರಾಗಿ ಕುಟ್ಟಿ ನೋಡಬೇಕು. ಒಂದೇ ಪೆಟ್ಟಿಗೆ ಹಾರೆ ಒಳಗಿಳಿದು ನೀರು ಬಂದರೆ ಬಂದ ಹೆಜ್ಜೆಯಲ್ಲೇ ಹಿಂದಿರುಗಬೇಕು. ಎರಡು, ಬೈರಿಗೆ. ಕೈಯಲ್ಲಿ ತಿರುಗಿಸುವ ಆರಿಂಚಿನ ಐಸ್ ಬೈರಿಗೆಯಾದರೂ ಸರಿ, ಬ್ಯಾಟರಿ ಡ್ರಿಲ್ಲಿಗೆ ಹಾಕಿದ 5/8 ಇಂಚಿನ ಮರ ಕೊರೆಯುವ ಬಿಟ್ ಆದರೂ ಸರಿ. ಮರದ ಬಿಟ್ಟೇ ಯಾಕೆ ಎಂದರೆ ಅದರ ಅಗಲವಾದ ಸುರುಳಿ ಐಸ್ ಪುಡಿಯನ್ನು ಮೇಲಕ್ಕೆ ಎತ್ತಿ ಹಾಕುತ್ತದೆ. ಲೋಹ ಕೊರೆಯುವ ಸಾಧಾರಣ ಬಿಟ್ಟಿನಲ್ಲಿ ಪುಡಿ ಸಿಕ್ಕಿಕೊಂಡು ಅಲ್ಲೇ ಮತ್ತೆ ಹೆಪ್ಪುಗಟ್ಟುತ್ತದೆ. ಮನೆಗೆ ಬಂದ ಮೇಲೆ ಒರೆಸಿ ಒಣಗಿಸದಿದ್ದರೆ ತುಕ್ಕು. ಮೂರು, ಅಳತೆ ಟೇಪು. ಅದರ ಕೊಕ್ಕೆಯನ್ನು ತೂತಿನೊಳಗೆ ಇಳಿಸಿ ಐಸಿನ ಕೆಳ ಅಂಚಿಗೆ ಸಿಕ್ಕಿಸಿ ಓದಬೇಕು. ತೂತಿನಲ್ಲಿ ನೀರು ಹೆಚ್ಚು ಕಡಿಮೆ ಬಾಯಿತನಕ ಏರುತ್ತದೆ. ಅದಕ್ಕೆ ಗಾಬರಿ ಬೇಡ, ತೇಲುವ ಐಸಿನ ಹತ್ತರಲ್ಲಿ ಒಂಬತ್ತು ಪಾಲು ನೀರೊಳಗೇ ಇರುತ್ತದೆ. ಆದರೆ ನೀರು ಬಾಯಿ ಮೀರಿ ಮೇಲೆ ಹರಿದರೆ ಎಚ್ಚರ. ಮೇಲಿನ ಹಿಮದ ಭಾರ ಐಸನ್ನು ಕೆಳಕ್ಕೆ ಒತ್ತಿದೆ ಎಂದು ಅರ್ಥ. ಬಿರುಕುಗಳಿಂದ ನೀರು ಮೇಲೆ ಬಂದು ಹಿಮದ ಕೆಳಗೆ ಕೆಸರಿನಂತೆ ನಿಂತಿರುತ್ತದೆ. ಹೊರಗಿನಿಂದ ಬರೀ ಬಿಳುಪು ಕಾಣುತ್ತದೆ.

ಒಂದು ಸಲ ಅಳೆದರೆ ಮುಗಿಯಲಿಲ್ಲ. ಇಲಾಖೆಯ ಸಲಹೆ 150 ಅಡಿಗೊಂದು ತೂತು. ಒಂದೇ ಕೆರೆಯಲ್ಲಿ ಒಂದು ಕಡೆ ಹತ್ತು ಇಂಚು, ಐವತ್ತು ಹೆಜ್ಜೆ ಆಚೆ ಎರಡೇ ಇಂಚು ಇರುವುದು ಸಾಮಾನ್ಯ. ತೊರೆ ಬಂದು ಸೇರುವ ಜಾಗ, ಎರಡು ಕೆರೆಗಳ ನಡುವಿನ ಇಕ್ಕಟ್ಟು, ಸೇತುವೆಯ ಅಡಿ, ತಳದಲ್ಲಿ ಒರತೆ ಇರುವಲ್ಲಿ, ಜೊಂಡಿನ ಬುಡದಲ್ಲಿ, ಹೆಬ್ಬಾತುಗಳ ಹಿಂಡು ಕೂತಿದ್ದ ಜಾಗದಲ್ಲಿ ತೆಳ್ಳಗಿರುತ್ತದೆ. ಹಿಮ ದಟ್ಟವಾಗಿ ಬಿದ್ದ ಕಡೆಯೂ ಅಷ್ಟೇ. ಹಿಮ ಚಳಿಯನ್ನು ಐಸಿಗೆ ತಲುಪಗೊಡುವುದಿಲ್ಲ. ಮೈನಸ್ 25 ಡಿಗ್ರಿ ಇದ್ದರೂ ಅದರ ಕೆಳಗೆ ಐಸ್ ಬೆಳೆಯುವುದು ನಿಧಾನ. ಇನ್ನು ಕೆಲವು ಕೆರೆಗಳಲ್ಲಿ ಮೀನು ಉಸಿರುಕಟ್ಟಿ ಸಾಯದಿರಲಿ ಎಂದು ಪಂಪಿನಿಂದ ಗಾಳಿ ಊದುತ್ತಾರೆ. ಅಲ್ಲಿ ಚಳಿಗಾಲವಿಡೀ ತೆರೆದ ನೀರು ಇರುತ್ತದೆ, ಅದರ ಸುತ್ತ ತೆಳು ಐಸ್. ಅಂಥ ಕೆರೆಗೆ ಎಚ್ಚರಿಕೆ ಫಲಕ ಹಾಕಬೇಕು, ಮೊದಲೇ ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು ಎಂಬ ನಿಯಮವಿದೆ. ಇಂಗ್ಲಿಷ್ ಪತ್ರಿಕೆಯ ಆ ಸಣ್ಣ ಅಕ್ಷರವನ್ನು ಹೊಸದಾಗಿ ಬಂದವರು ಓದುವುದು ಅನುಮಾನ, ಫಲಕವನ್ನಾದರೂ ಓದಲಿ.

ದಪ್ಪವೊಂದೇ ಸಾಲದು ಎಂಬುದಕ್ಕೆ ಅಪ್ಪರ್ ರೆಡ್ ಲೇಕ್ ಸಾಕ್ಷಿ. ರಾಜ್ಯದ ಉತ್ತರದಲ್ಲಿರುವ ಈ ಕೆರೆ ವಿಶಾಲ, ಆದರೆ ಆಳವಿಲ್ಲ, ಬೇಗ ಹೆಪ್ಪುಗಟ್ಟುತ್ತದೆ. ಹಾಗಾಗಿ ಋತುವಿನ ಮೊದಲ ಗಾಳ ಹಾಕಲು ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ. 2022ರ ನವೆಂಬರ್ 28ರಂದು ಸುಮಾರು 200 ಜನ ಕೂತಿದ್ದ ಐಸ್ ಹಾಳೆ ದಡದಿಂದ ಬಿಡಿಸಿಕೊಂಡು ತೇಲಿತು. 2023ರ ಡಿಸೆಂಬರ್ 29ರಂದು ಮತ್ತೆ ಅದೇ ಆಗಿ ನೂರಕ್ಕೂ ಹೆಚ್ಚು ಜನರನ್ನು ದಡಕ್ಕೆ ತರಬೇಕಾಯಿತು. ಅವರ ಕಾಲಡಿಯ ಐಸ್ ಒಡೆಯಲಿಲ್ಲ. ದಡದಿಂದ ಒಳಕ್ಕೆ ಬೀಸಿದ ಗಾಳಿ ಇಡೀ ಹಾಳೆಯನ್ನು ತಳ್ಳಿತು, ನಡುವೆ ನೀರು ತೆರೆದುಕೊಂಡಿತು. ದೊಡ್ಡ ಕೆರೆಯಲ್ಲಿ ಹೊಸ ಐಸಿದ್ದಾಗ ಬೈರಿಗೆಯಷ್ಟೇ ಗಾಳಿಯ ಮುನ್ಸೂಚನೆಯೂ ಮುಖ್ಯ. ಬೆಳಿಗ್ಗೆ ತೆಂಕಣ ಗಾಳಿ ಇದ್ದು ಸಂಜೆಗೆ ದಿಕ್ಕು ಬದಲಿಸುತ್ತದೆ ಎಂದಿದ್ದರೆ ಮಧ್ಯಾಹ್ನಕ್ಕೇ ದಡ ಸೇರಿರಬೇಕು. 2023–24ರ ಚಳಿಗಾಲ ಮಿನೆಸೋಟಾದ ದಾಖಲೆಯಲ್ಲೇ ಅತಿ ಬೆಚ್ಚಗಿನದು. ಪದ್ಧತಿಯಂತೆ ಡಿಸೆಂಬರ್ ಕೊನೆಗೆ ಇಳಿಯುತ್ತಿದ್ದ ಹಳಬರ ಲೆಕ್ಕವೂ ಆ ವರ್ಷ ತಪ್ಪಿತು.

ಮಾರ್ಚಿನ ಐಸ್ ಬೇರೆಯೇ ಬಗೆ. 18 ಇಂಚು ದಪ್ಪ ಇದ್ದರೂ ಒಳಗೆ ನಿಲುವಾದ ಹರಳುಗಳು ಒಂದರಿಂದೊಂದು ಬಿಟ್ಟುಕೊಂಡಿರುತ್ತವೆ, ಕಟ್ಟು ಸಡಿಲವಾದ ಮೇಣದಬತ್ತಿಗಳ ಕಂತೆಯಂತೆ. ಟೇಪು ಧೈರ್ಯ ಹೇಳುತ್ತದೆ, ಕಾಲು ಒಳಗೆ ಹೋಗುತ್ತದೆ. ಬಣ್ಣ ಬೂದಿಗೆ ತಿರುಗಿದ್ದರೆ, ದಡದ ಅಂಚಿನಲ್ಲಿ ನೀರು ಕಂಡರೆ, ಆ ವರ್ಷದ ಐಸ್ ಮುಗಿಯಿತು.

ಗಾಡಿ ಇಳಿಸುವವರಿಗೆ ಎರಡು ಮಾತು. ಐಸ್ ಮೇಲೆ ವೇಗವಾಗಿ ಓಡಿಸಿದರೆ ಗಾಡಿಯ ಭಾರಕ್ಕೆ ಕೆಳಗಿನ ನೀರಿನಲ್ಲಿ ಅಲೆ ಏಳುತ್ತದೆ. ದಡ ಹತ್ತಿರವಾದಂತೆ ಆ ಅಲೆಗೆ ಹೋಗಲು ಜಾಗವಿಲ್ಲದೆ ಐಸನ್ನೇ ಕೆಳಗಿನಿಂದ ಒಡೆಯುತ್ತದೆ. ಅದಕ್ಕೇ ನಿಧಾನ ಹೋಗಬೇಕು, ಕಿಟಕಿ ಇಳಿಸಿರಬೇಕು, ಸೀಟ್ ಬೆಲ್ಟ್ ಬಿಚ್ಚಿರಬೇಕು (ರಸ್ತೆಯಲ್ಲಿ ಹೇಳುವುದಕ್ಕೆ ತದ್ವಿರುದ್ಧ, ಗೊತ್ತು). ಲೈಫ್ ಜಾಕೆಟ್ ನಡೆಯುವವರಿಗೆ, ಸ್ನೋಮೊಬೈಲಿನವರಿಗೆ ಬೇಕೇ ಬೇಕು. ಮುಚ್ಚಿದ ಕಾರಿನೊಳಗೆ ಮಾತ್ರ ಧರಿಸಬಾರದು, ಮುಳುಗಿದರೆ ಅದು ಮನುಷ್ಯನನ್ನು ಚಾವಣಿಗೆ ಒತ್ತಿ ಹಿಡಿಯುತ್ತದೆ. ಗಾಡಿಗಳನ್ನು 50 ಅಡಿ ಅಂತರದಲ್ಲಿ ನಿಲ್ಲಿಸಬೇಕು, ಎರಡು ಗಂಟೆಗೊಮ್ಮೆ ಜಾಗ ಬದಲಿಸಬೇಕು. ನಿಂತ ಭಾರಕ್ಕೆ ಐಸ್ ನಿಧಾನವಾಗಿ ಬಾಗುತ್ತಲೇ ಇರುತ್ತದೆ. ಮುಳುಗಿದ ಗಾಡಿಯನ್ನು 30 ದಿನದೊಳಗೆ ಮೇಲೆತ್ತಿಸುವ ಹೊಣೆ ಮಾಲೀಕನದೇ.

ಇನ್ನು ಸ್ನೋಮೊಬೈಲ್. ಈ ಯಂತ್ರಕ್ಕೆ ಮಿನೆಸೋಟಾ ತವರುಮನೆಯೇ ಸರಿ: ಪೊಲಾರಿಸ್ ಕಂಪನಿ ಶುರುವಾದದ್ದು 1954ರಲ್ಲಿ, ಕೆನಡಾ ಗಡಿಯ ಪಕ್ಕದ ರೋಸೊ ಎಂಬ ಊರಿನಲ್ಲಿ. ಈಗ ರಾಜ್ಯದಲ್ಲಿ 22,000 ಮೈಲಿಗೂ ಹೆಚ್ಚು ಸಜ್ಜುಗೊಳಿಸಿದ ಹಾದಿಗಳಿವೆ. ಬಹುಪಾಲನ್ನು ನೋಡಿಕೊಳ್ಳುವುದು ಊರೂರಿನ ಕ್ಲಬ್ಬುಗಳ ಸ್ವಯಂಸೇವಕರು, ರಾಜ್ಯದ ಅನುದಾನದಿಂದ. ಈ ಹಾದಿಗಳು ಎಷ್ಟೋ ಕಡೆ ರೈತರ ಖಾಸಗಿ ಹೊಲದ ಮೇಲೆ ಹಾದುಹೋಗುತ್ತವೆ, ಅವರ ಒಪ್ಪಿಗೆಯ ಮೇಲೆ. ಒಬ್ಬಿಬ್ಬರು ಹಾದಿ ಬಿಟ್ಟು ಬಿತ್ತಿದ ಹೊಲಕ್ಕೋ ಎಳೆ ಗಿಡಗಳ ತೋಪಿಗೋ ನುಗ್ಗಿದರೆ ರೈತ ಒಪ್ಪಿಗೆ ಹಿಂತೆಗೆದುಕೊಳ್ಳುತ್ತಾನೆ, ಮೈಲಿಗಟ್ಟಲೆ ಹಾದಿ ಮುಚ್ಚುತ್ತದೆ. ಕನ್ಸರ್ವೇಶನ್ ಅಧಿಕಾರಿಗಳು ಅತಿಕ್ರಮಣವನ್ನು ಕಡೆಗಣಿಸದೆ ತಡೆದು ದಂಡ ಹಾಕುವುದಕ್ಕೆ ಕಾರಣ ಇದು.

ಅವರು ನಿಲ್ಲಿಸಿದಾಗ ನೋಡುವುದು: ನೋಂದಣಿ ಸಂಖ್ಯೆ, ಹಾದಿಯ ಸ್ಟಿಕ್ಕರ್, ಹಿಂದಿನ ದೀಪ, ಸೈಲೆನ್ಸರ್ ಮಾರ್ಪಡಿಸಿದ್ದಾರೆಯೇ, ಬಾಯಿಂದ ಮದ್ಯದ ವಾಸನೆ ಬರುತ್ತಿದೆಯೇ, 18 ತುಂಬದವರ ತಲೆಯ ಮೇಲೆ ಹೆಲ್ಮೆಟ್ ಇದೆಯೇ. 1976ರ ಡಿಸೆಂಬರ್ 31ರ ನಂತರ ಹುಟ್ಟಿದ ನಿವಾಸಿಗಳಿಗೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಕಡ್ಡಾಯ. ಅಂದರೆ ಇಲ್ಲಿ ದುಡಿಯುತ್ತಿರುವ ನಮ್ಮವರಲ್ಲಿ ಬಹುತೇಕ ಎಲ್ಲರಿಗೂ. ಕಾರಿನ ಲೈಸೆನ್ಸ್ ಇದೆಯಲ್ಲ ಎಂಬ ವಾದ ನಡೆಯುವುದಿಲ್ಲ. ಕುಡಿದು ಸ್ನೋಮೊಬೈಲ್ ಓಡಿಸಿದರೆ ಕಾರಿಗಿರುವ ಕಾನೂನೇ, ರಕ್ತದಲ್ಲಿ ಮದ್ಯ ಶೇಕಡಾ 0.08 ಎಂಬ ಮಿತಿಯೇ ಅನ್ವಯ; 2018ರಿಂದ ಈಚೆಗೆ ಅಂಥ ಶಿಕ್ಷೆಯಾದವರ ಕಾರಿನ ಲೈಸೆನ್ಸೂ ಹೋಗುತ್ತದೆ. ವೀಸಾ ಮೇಲಿರುವವರಿಗೆ ಅದರ ಬಿಸಿ ಇನ್ನೂ ದೂರ ಮುಟ್ಟಬಹುದು.

ವೇಗದ ಬಗ್ಗೆ ಸ್ವಲ್ಪ ಲೆಕ್ಕ ಹಾಕೋಣ. ಸಾರ್ವಜನಿಕ ಜಾಗ ಮತ್ತು ಕೆರೆಗಳ ಮೇಲೆ ಮಿತಿ ಗಂಟೆಗೆ 50 ಮೈಲಿ. ಆ ವೇಗದಲ್ಲಿ ಸೆಕೆಂಡಿಗೆ 73 ಅಡಿ ಹೋಗುತ್ತೀರಿ. ಎದುರಿಗೆ ಏನೋ ಇದೆ ಎಂದು ಕಂಡು ಬ್ರೇಕಿಗೆ ಕೈ ಹೋಗಲು ಒಂದೂವರೆ ಸೆಕೆಂಡ್ ಎಂದಿಟ್ಟುಕೊಂಡರೆ 110 ಅಡಿ ಕಳೆದಿರುತ್ತದೆ, ಬ್ರೇಕ್ ಇನ್ನೂ ಶುರುವಾಗಿಲ್ಲ. ಮುಂದಿನ ದೀಪ ಕನಿಷ್ಠ 100 ಅಡಿ ದೂರದ ಮನುಷ್ಯನನ್ನು ತೋರಿಸಬೇಕು ಎಂದು ಕಾನೂನು ಹೇಳುತ್ತದೆ. ದೀಪ ಅಷ್ಟೇ ದೂರ ಬೆಳಗುವಂಥದ್ದಾದರೆ ಮಿತಿಯೊಳಗಿನ ವೇಗವೂ ಕುರುಡು ಓಟವೇ. ಬೋಳು ಐಸಿನ ಮೇಲಂತೂ ಬ್ರೇಕ್ ಹಿಡಿದರೆ ಪಟ್ಟಿ ಜಾರುತ್ತದೆ, ಸ್ಕೀಗಳ ಅಡಿಯ ಕಾರ್ಬೈಡ್ ಅಲಗು ಸವೆದಿದ್ದರೆ ತಿರುಗುವುದೂ ಇಲ್ಲ. ರಾತ್ರಿ ಕೆರೆಯ ಮೇಲೆ 30 ಮೈಲಿ ದಾಟದಿರುವುದು ನಮ್ಮ ತರಗತಿಗಳಲ್ಲಿ ಹೇಳುವ ಮಾತು.

ಬೋಳು ಐಸ್ ಯಂತ್ರಕ್ಕೂ ಆಗಿಬರುವುದಿಲ್ಲ. ನೀರು ತಂಪಿನ ಎಂಜಿನ್ನುಗಳು ತಣ್ಣಗಾಗುವುದು ಪಟ್ಟಿ ಎರಚುವ ಹಿಮದಿಂದ; ಪಟ್ಟಿ ಜಾರುವ ಪ್ಲಾಸ್ಟಿಕ್ ಹಳಿಗಳಿಗೂ ಅದೇ ಹಿಮವೇ ಜಾರುಕ. ಹಿಮ ಇಲ್ಲದ ಕೆರೆಯಲ್ಲಿ ಕೆಲವೇ ಮೈಲಿ ಓಡಿಸಿದರೆ ಎಂಜಿನ್ ಬಿಸಿಯಾಗುತ್ತದೆ, ಹಳಿ ಕರಗುತ್ತದೆ. ಹಳಿಯ ಪಕ್ಕಕ್ಕೆ ಐಸ್ ಕೆರೆಯುವ ಸ್ಪ್ರಿಂಗ್ ಕಡ್ಡಿಗಳನ್ನು ಹಾಕಿಸಿಕೊಂಡರೆ ಪುಡಿ ಎದ್ದು ಉಪಶಮನ. ಕೆಸರು ಐಸಿನಲ್ಲಿ ಸಿಕ್ಕರೆ ಇನ್ನೊಂದು ಪಾಡು. ನಿಲ್ಲಿಸಿದೊಡನೆ ನೀರು ಪಟ್ಟಿಗೆ ಅಂಟಿ ಹೆಪ್ಪುಗಟ್ಟುತ್ತದೆ. ವೇಗ ಬಿಡದೆ ದಾಟಬೇಕು. ದಾಟಿ ಗಟ್ಟಿ ಜಾಗ ಸಿಕ್ಕ ಮೇಲೆ ಯಂತ್ರವನ್ನು ಪಕ್ಕಕ್ಕೆ ವಾಲಿಸಿ ಪಟ್ಟಿಯ ಒಳಗಿನ ಕೆಸರನ್ನು ಗಟ್ಟಿಯಾಗುವ ಮುನ್ನ ಕೆರೆದು ತೆಗೆಯಬೇಕು. ಪಟ್ಟಿಯನ್ನು ತಿರುಗಿಸುವ ಡ್ರೈವ್ ಬೆಲ್ಟ್ ಹರಿದರೆ, ಹೆಚ್ಚುವರಿ ಒಂದು ಇಲ್ಲದೆ ಹೊರಟವರು ಕತ್ತಲಲ್ಲಿ ಕಾದು ಕೂರುತ್ತಾರೆ.

ಕೆರೆಯ ಮೇಲಿನ ರಾತ್ರಿ ಓಟಕ್ಕೂ ಮೀನುಗಾರರ ಗುಡಿಸಲುಗಳಿಗೂ ಸಂಬಂಧವಿದೆ. ಚಳಿಗಾಲದಲ್ಲಿ ಇಲ್ಲಿನ ದೊಡ್ಡ ಕೆರೆಗಳ ಮೇಲೆ ಸಣ್ಣ ಊರೇ ಏಳುತ್ತದೆ: ತಗಡಿನ ಗುಡಿಸಲು, ಗಾಲಿಮನೆ, ನಡುವೆ ರೆಸಾರ್ಟಿನವರು ಹಿಮ ತಳ್ಳಿ ಮಾಡಿದ ರಸ್ತೆ, ಬಿರುಕಿನ ಮೇಲೆ ಹಾಕಿದ ಸೇತುವೆ. ಯಾರೂ ಇಲ್ಲದ ಗುಡಿಸಲನ್ನು ರಾತ್ರಿ ಬಿಟ್ಟು ಹೋಗುವುದಾದರೆ ಪರವಾನಗಿ ಬೇಕು, ನಾಲ್ಕೂ ಬದಿಗೆ ಕನಿಷ್ಠ 2 ಚದರ ಇಂಚು ಬೆಳಕು ಪ್ರತಿಫಲಿಸುವ ಪಟ್ಟಿ ಅಂಟಿಸಿರಬೇಕು. ಎರಡು ಇಂಚು ಪಟ್ಟಿಗೆ ದಂಡವೇ ಎಂದು ಗೊಣಗುವವರು ಮೇಲಿನ 110 ಅಡಿಯನ್ನು ನೆನೆಯಲಿ. ಹೊರಗೋಡೆಯ ಮೇಲೆ ಮಾಲೀಕರ ಹೆಸರು ವಿಳಾಸವನ್ನೋ ಡ್ರೈವಿಂಗ್ ಲೈಸೆನ್ಸ್ ಸಂಖ್ಯೆಯನ್ನೋ ಇಲಾಖೆ ಕೊಟ್ಟ ಸಂಖ್ಯೆಯನ್ನೋ 2 ಇಂಚು ಎತ್ತರದ ಅಕ್ಷರದಲ್ಲಿ ಬರೆದಿರಬೇಕು. ಅದರ ಉಪಯೋಗ ಫೆಬ್ರುವರಿ ಕೊನೆಗೆ ಗೊತ್ತಾಗುತ್ತದೆ. ಆಗ ಅಧಿಕಾರಿಗಳು ಕೆರೆ ಸುತ್ತಿ ಇನ್ನೂ ಉಳಿದ ಗುಡಿಸಲುಗಳ ಪಟ್ಟಿ ಮಾಡಿ, ಆ ಸಂಖ್ಯೆ ಹಿಡಿದು ಮಾಲೀಕರನ್ನು ಹುಡುಕುತ್ತಾರೆ. ರಾಜ್ಯದ ದಕ್ಷಿಣ ಭಾಗದಲ್ಲಿ ಮಾರ್ಚಿನ ಮೊದಲ ಸೋಮವಾರ, ಉತ್ತರದಲ್ಲಿ ಮೂರನೆಯ ಸೋಮವಾರ ಗಡುವು. ಆಮೇಲೂ ಬಿಟ್ಟರೆ ದಂಡ, ಜೊತೆಗೆ ಗುಡಿಸಲನ್ನು ಜಪ್ತಿ ಮಾಡಬಹುದು, ನಾಶಪಡಿಸಲೂಬಹುದು.

ಗಡುವು ತಪ್ಪುವವರೆಲ್ಲ ಸೋಮಾರಿಗಳಲ್ಲ. ಫೆಬ್ರುವರಿಯ ಬಿಸಿಲಿಗೆ ಕರಗಿದ ನೀರು ಗುಡಿಸಲ ಬುಡದಲ್ಲಿ ನಿಂತು ರಾತ್ರಿ ಗಟ್ಟಿಯಾಗುತ್ತದೆ. ಹೀಗೆ ನಾಲ್ಕಾರು ಸಲ ಆದರೆ ಅಡಿಪಟ್ಟಿಗಳು ಆರಿಂಚು ಐಸಿನೊಳಗೆ. ಟ್ರಕ್ಕಿಗೆ ಕಟ್ಟಿ ಎಳೆದರೆ ಚೌಕಟ್ಟು ಕಿತ್ತು ಬರುತ್ತದೆ. ಗೊತ್ತಿರುವವರು ಮೊದಲೇ ಮರದ ದಿಮ್ಮಿಗಳ ಮೇಲೆ ಎತ್ತಿ ಕೂರಿಸುತ್ತಾರೆ, ವಾರಕ್ಕೊಮ್ಮೆ ಹೋಗಿ ಜ್ಯಾಕ್ ಹಾಕಿ ಸಡಿಲಿಸುತ್ತಾರೆ, ಸುತ್ತ ಹಿಮ ಗುಡ್ಡೆಯಾಗಲು ಬಿಡುವುದಿಲ್ಲ. ಮನೆ ತೆಗೆದು ದಿಮ್ಮಿ ಬಿಟ್ಟು ಬರುವುದು ಇನ್ನೊಂದು ತಪ್ಪು. ಐಸ್ ಕರಗಿದ ಮೇಲೆ ಅವು ತೇಲಿ ದೋಣಿಯ ಪ್ರೊಪೆಲ್ಲರಿಗೆ ಬಡಿಯುತ್ತವೆ. ಕಸ, ಮಲಮೂತ್ರದ ಚೀಲ ಬಿಟ್ಟು ಬರುವವರೂ ಇದ್ದಾರೆ. 2023ರ ಕಾನೂನಿನ ಪ್ರಕಾರ ಐಸ್ ಮೇಲೆ ಕಸವನ್ನು ಡಬ್ಬಿಯಲ್ಲೋ ಗಾಡಿಯಲ್ಲೋ ಕಟ್ಟಿಡದೆ ಹಾಗೇ ಹಾಕಿದ್ದರೆ 100 ಡಾಲರ್ ದಂಡ.

ಅಧಿಕಾರಿ ತಪಾಸಣೆಗೆ ಬರುವ ಬಗೆ ಹೀಗೆ. ಮೊದಲು ದಡದಿಂದಲೇ ದುರ್ಬೀನಿನಲ್ಲಿ ನೋಡಿ ಯಾರ ಗಾಳ ಎಷ್ಟು ಎಂದು ಎಣಿಸಿರುತ್ತಾರೆ. ಚಳಿಗಾಲದಲ್ಲಿ ಒಬ್ಬರಿಗೆ ಎರಡು ಗಾಳ. ಮೀನು ಕಚ್ಚಿದರೆ ಬಾವುಟ ಏಳುವ ಗಾಳವಿಟ್ಟರೆ 200 ಅಡಿಯೊಳಗೇ, ಕಣ್ಣಿಗೆ ಕಾಣುವಂತೆ ಇರಬೇಕು. ಆಮೇಲೆ ಬಂದು ಬಾಗಿಲು ತಟ್ಟುತ್ತಾರೆ, ತಾವು ಯಾರೆಂದು ಹೇಳುತ್ತಾರೆ, ಒಳಗೆ ಬರಬಹುದೇ ಎಂದು ಕೇಳುತ್ತಾರೆ. ಇದು ಬರೀ ಸೌಜನ್ಯವಲ್ಲ. ಮೀನು ಗುಡಿಸಲಿನಲ್ಲಿ ಇರುವವನಿಗೂ ಮನೆಯಲ್ಲಿರುವವನ ಹಾಗೆ ಖಾಸಗಿತನದ ರಕ್ಷಣೆ ಇದೆ, ಒಪ್ಪಿಗೆಯೋ ವಾರಂಟೋ ತಕ್ಕ ಕಾರಣವೋ ಇಲ್ಲದೆ ನುಗ್ಗುವಂತಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟಿದೆ. ನಮ್ಮ ದೇಶದ ಪೊಲೀಸರ ಅನುಭವ ಇಟ್ಟುಕೊಂಡು ಬಂದವರು ಹೆದರಿ ಬೆವರುತ್ತಾರೆ, ಬೇಕಿಲ್ಲ. ಲೈಸೆನ್ಸ್ ತೋರಿಸಿ, ಮೀನು ತೋರಿಸಿ, ಮುಗಿಯಿತು.

ನಮ್ಮವರು ಎಡವುವ ಜಾಗಗಳು ಬೇರೆ. ಮೀನು ಲೈಸೆನ್ಸಿನ ವರ್ಷ ಮಾರ್ಚ್ 1ರಿಂದ ಫೆಬ್ರುವರಿ ಕೊನೆಗೆ. ಜೂನಿನಲ್ಲಿ ಕೊಂಡದ್ದು ಮುಂದಿನ ಜೂನಿನ ತನಕ ಬರುತ್ತದೆ ಎಂದುಕೊಂಡು ಮಾರ್ಚ್ ಮೊದಲ ವಾರ ಸಿಕ್ಕಿಬೀಳುತ್ತಾರೆ. ರಾಜ್ಯದಲ್ಲಿ 60 ದಿನ ನೆಲೆಸಿದ್ದರೆ ನಿವಾಸಿ ದರ. ಊರಿಂದ ಬಂದ ಅಪ್ಪಾಜಿಯೋ ಮಾವನವರೋ ಸುಮ್ಮನೆ ಹತ್ತು ನಿಮಿಷ ಗಾಳ ಹಿಡಿದರೂ ಅವರಿಗೆ ಹೊರಗಿನವರ ಲೈಸೆನ್ಸ್ ಬೇಕು. ಒಂದು ದಿನದ್ದು, ಮೂರು ದಿನದ್ದು ಸಿಗುತ್ತದೆ. ವಾಲ್‌ಐ ಮೀನು ಎಷ್ಟು ಇಟ್ಟುಕೊಳ್ಳಬಹುದು ಎಂಬುದು ಕೆರೆಯಿಂದ ಕೆರೆಗೆ, ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಕೈಪಿಡಿ ನೋಡಬೇಕು. 20 ಇಂಚು ಮೀರಿದ್ದು ಮಾತ್ರ ರಾಜ್ಯದ ಸಾಮಾನ್ಯ ನಿಯಮದಂತೆ ಒಂದೇ. ಮನೆಯ ಫ್ರೀಜರಿನಲ್ಲಿರುವುದೂ ಆ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ಸಾರಿಗೆ ಅನುಕೂಲ ಎಂದು ಅಲ್ಲೇ ಮೀನು ಹೆಚ್ಚಿ, ತೊಗಲೆಲ್ಲ ಸುಲಿದು ಡಬ್ಬಿಗೆ ತುಂಬಿದರೆ ಅದು ಯಾವ ಮೀನು ಎಂದು ಅಧಿಕಾರಿಗೆ ತಿಳಿಯುವುದು ಹೇಗೆ? ಪ್ರತಿ ತುಂಡಿನ ಮೇಲೆ ಒಂದು ಚದರ ಇಂಚು ಹುರುಪೆ ಸಮೇತ ತೊಗಲು ಬಿಟ್ಟಿರಬೇಕು, ಹೊಟ್ಟೆಯ ಭಾಗದ್ದಲ್ಲ. ಉದ್ದದ ನಿರ್ಬಂಧವಿರುವ ಕೆರೆಯದಾದರೆ ತಲೆ ಬಾಲ ಸಮೇತ ಇಡಿಯಾಗಿ ತರಬೇಕು.

ಗುಡಿಸಲಿನೊಳಗೆ ಗ್ಯಾಸ್ ಹೀಟರ್ ಹಚ್ಚಿ ಮಲಗುವವರು ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಮಲಗಬಾರದು. ಗಾಳಿ ನುಸುಳದಿರಲಿ ಎಂದು ಸುತ್ತ ಹಿಮ ಒತ್ತುವಾಗ ಗಾಳಿಕಿಂಡಿಯೂ ಮುಚ್ಚಿಹೋಗಿರುತ್ತದೆ. ಜನ ಇರುವಾಗ ಬಾಗಿಲು ಹೊರಗಿನಿಂದಲೂ ತೆರೆಯುವಂತಿರಬೇಕು ಎಂಬ ನಿಯಮ ಯಾತಕ್ಕೆ ಎಂದು ಬಿಡಿಸಿ ಹೇಳಬೇಕಿಲ್ಲ.

ಐಸ್ ಒಡೆದು ಬಿದ್ದರೆ ಏನು ಮಾಡಬೇಕು? ಮೊದಲ ಒಂದು ನಿಮಿಷ ಉಸಿರು ಹಿಡಿತ ತಪ್ಪುತ್ತದೆ. ಆಗ ಒದ್ದಾಡಿದರೆ ನೀರು ಒಳಗೆ ಹೋಗುತ್ತದೆ. ತಲೆ ಮೇಲಿಟ್ಟು ಉಸಿರು ಹತೋಟಿಗೆ ಬರುವ ತನಕ ತಡೆಯಬೇಕು. ಆಮೇಲೆ ಸುಮಾರು ಹತ್ತು ನಿಮಿಷ ಕೈಕಾಲು ಹೇಳಿದಂತೆ ಕೇಳುತ್ತವೆ. ಚಳಿಯಿಂದ ಪ್ರಜ್ಞೆ ಹೋಗಲು ಒಂದು ಗಂಟೆಯಾದರೂ ಬೇಕು. ಈ ಒಂದು, ಹತ್ತು, ಒಂದರ ಲೆಕ್ಕವನ್ನು ಜನಕ್ಕೆ ಕಲಿಸಿದವರು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಗಾರ್ಡನ್ ಗೀಸ್‌ಬ್ರೆಕ್ಟ್. ಬಂದ ದಿಕ್ಕಿಗೇ ತಿರುಗಬೇಕು, ಆ ಐಸ್ ನಿಮ್ಮ ಭಾರ ಹೊತ್ತಿತ್ತು. ಕೊರಳಿಗೆ ತೂಗುಹಾಕಿಕೊಂಡ ಎರಡು ಮೊಳೆಗೋಲುಗಳನ್ನು (ತುದಿಗೆ ಚೂಪು ಮೊಳೆ ಇರುವ ಗಿಡ್ಡ ಹಿಡಿಕೆಗಳು) ಐಸಿಗೆ ಚುಚ್ಚಿ, ಕಾಲನ್ನು ಈಜುವಂತೆ ಬಡಿದು, ಹೊಟ್ಟೆಯ ಮೇಲೆ ಜಾರಿ ಹೊರಬರಬೇಕು. ಎದ್ದು ನಿಲ್ಲಬಾರದು, ಉರುಳಿಕೊಂಡೇ ದೂರ ಹೋಗಬೇಕು. ಆ ಕೋಲುಗಳು ಚೀಲದಲ್ಲಿದ್ದರೆ ಇದ್ದೂ ಇಲ್ಲದಂತೆ. ನೋಡಿದವರು ಓಡಿ ಹೋಗಿ ಕೈ ಕೊಡಬಾರದು, ಇಬ್ಬರೂ ಒಳಗೆ. ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ, ಕೆರೆಯ ಹೆಸರಿನ ಜೊತೆ ಯಾವ ಇಳಿದಾಣದ ಕಡೆ ಎಂದೂ ಹೇಳಿ, ಹಗ್ಗ, ಏಣಿ, ಕೊಂಬೆ, ಏನು ಸಿಕ್ಕರೆ ಅದನ್ನು ದೂರದಿಂದ ಚಾಚಬೇಕು. ನೀರಿನ ರಕ್ಷಣೆಯ ಹೊಣೆ ಇಲ್ಲಿ ಕೌಂಟಿ ಶೆರಿಫರದು, ಅಂದರೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥರದು. ಕನ್ಸರ್ವೇಶನ್ ಅಧಿಕಾರಿ ಹತ್ತಿರವಿದ್ದರೆ ಸ್ನೋಮೊಬೈಲಿನಲ್ಲಿ ಮೊದಲು ತಲುಪಬಹುದು, ಇಲ್ಲದೆಯೂ ಇರಬಹುದು. ಹೊರತಂದವರಿಗೆ ಒದ್ದೆ ಬಟ್ಟೆ ತೆಗೆದು ಎದೆ ಬೆನ್ನಿಗೆ ಬಿಸಿ ಕೊಡಬೇಕು. ಕೈಕಾಲು ಉಜ್ಜಬಾರದು, ಬ್ರಾಂದಿ ಕೊಡಬಾರದು.

ಕರ್ನಾಟಕದಲ್ಲೇ ಇರುವ ಓದುಗರಿಗೂ ಇದು ತೀರ ದೂರದ ಮಾತಲ್ಲ. ಜನವರಿಯಲ್ಲಿ ಗುಲ್ಮಾರ್ಗಿನ ಸ್ನೋಮೊಬೈಲ್ ಸವಾರಿಗೆ, ಲಡಾಖಿಗೆ, ಸಿಕ್ಕಿಂನ ಸೋಮ್ಗೋ ಸರೋವರಕ್ಕೆ ಹೋಗುವವರು ನಮ್ಮೂರುಗಳಿಂದ ಸಾಕಷ್ಟಿದ್ದಾರೆ. ಮೇಲಿನ ಇಂಚಿನ ಲೆಕ್ಕ ಸಿಹಿನೀರಿನ ಹೊಸ ಐಸಿಗೆ ಹೇಳಿದ್ದು. ಲಡಾಖಿನ ಪ್ಯಾಂಗಾಂಗ್ ಉಪ್ಪುನೀರಿನ ಸರೋವರ. ಉಪ್ಪು ಬೆರೆತ ಐಸ್ ಅಷ್ಟೇ ದಪ್ಪದ ಸಿಹಿನೀರಿನ ಐಸಿಗಿಂತ ಮೆದು. ಅಲ್ಲಿ 2023ರ ಫೆಬ್ರುವರಿಯಲ್ಲಿ 21 ಕಿಲೋಮೀಟರ್ ಓಟ ನಡೆದದ್ದನ್ನು ಕೇಳಿ ಯಾವಾಗ ಬೇಕಾದರೂ ನಡೆಯಬಹುದು ಎಂದುಕೊಳ್ಳಬಾರದು. ಶ್ರೀನಗರದ ದಾಲ್ ಸರೋವರ ಕಟ್ಟಿದ ವರ್ಷ ಅಲ್ಲಿನ ಆಡಳಿತ ಇಳಿಯಬೇಡಿ ಎನ್ನುತ್ತದೆ. ಡ್ರೈವರ್ ‘ಏನೂ ಆಗೋಲ್ಲ ಸಾರ್’ ಎಂದರೂ ಹಾರೆ, ಬೈರಿಗೆ ಕೈಯಲ್ಲಿಲ್ಲದವರು ದಡದಲ್ಲೇ ನಿಂತು ಚಿತ್ರ ತೆಗೆಸಿಕೊಳ್ಳಲಿ.

ದಪ್ಪದ ಪಟ್ಟಿಯನ್ನು ಇಂಚು, ಸೆಂಟಿಮೀಟರ್ ಎರಡರಲ್ಲೂ ಕನ್ನಡದಲ್ಲಿ ಬರೆದು ಕಳಿಸಲು ನಾವು ಸಿದ್ಧ. ಒಂದು ಸಣ್ಣ ಚೌಕದಲ್ಲಿ ಹಿಡಿಯುತ್ತದೆ. ಹಾಕುವುದಾದರೆ ನವೆಂಬರ್ ಮೂರನೆಯ ವಾರ ಹಾಕಿ. ಉತ್ತರ ಮಿನೆಸೋಟಾದ ಸಣ್ಣ ಕೆರೆಗಳು ಆ ಹೊತ್ತಿಗೆ ಕಟ್ಟಲು ಶುರುವಾಗಿರುತ್ತವೆ.

ಇಂತಿ,
ಮಿನೆಸೋಟಾದಲ್ಲಿ ನೆಲೆಸಿರುವ ಕೆಲವು ಕನ್ನಡಿಗರು